ಫ್ರೀಜರಿನಲ್ಲಿ ಉಳಿದಿದ್ದ ಜಿಂಕೆ ಮಾಂಸ

ಕೇಳುಗರಿಗೆ ನಮಸ್ಕಾರ.

ಕಾಮಾಲೆ ಎಂದೊಡನೆ ನಾವು ಮೊದಲು ದೂರುವುದು ನೀರನ್ನು. ದೂರುವುದು ಸರಿಯೇ. 1955ರ ಕೊನೆಯಲ್ಲಿ ಚರಂಡಿಯ ಕೊಳೆ ಯಮುನೆಯ ಮೂಲಕ ದೆಹಲಿಯ ನಲ್ಲಿಗಳನ್ನು ಸೇರಿ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. ಅದು ಹೆಪಟೈಟಿಸ್ ಇ, ಅಂದರೆ ಒಂದು ವೈರಸ್ಸಿನಿಂದ ಬರುವ ಲಿವರಿನ ರೋಗ ಎಂದು ತಿಳಿದದ್ದು ದಶಕಗಳ ನಂತರ. ಆದರೆ 2003ರಲ್ಲಿ ಜಪಾನಿನ ಎರಡು ಕುಟುಂಬಗಳಿಗೆ ಇದೇ ರೋಗ ತಗುಲಿದಾಗ ನೀರನ್ನು ದೂರುವಂತಿರಲಿಲ್ಲ.

ಅವರು ಕಾಡುಜಿಂಕೆಯ ಮಾಂಸವನ್ನು ಹಸಿಯಾಗಿಯೇ ತಿಂದಿದ್ದರು. ಕಾಯಿಲೆ ಕಾಣಿಸಿದ್ದು ಆರೇಳು ವಾರಗಳಾದ ಮೇಲೆ. ಪತ್ತೆದಾರಿಕೆಗೆ ತೊಡಕಾಗುವುದೇ ಇಲ್ಲಿ. ಈ ವೈರಸ್ ಎರಡರಿಂದ ಹತ್ತು ವಾರ ಸದ್ದಿಲ್ಲದೆ ಇರಬಲ್ಲದು. ಒಂದೂವರೆ ತಿಂಗಳ ಹಿಂದಿನ ಊಟ ಯಾರಿಗೆ ನೆನಪಿರುತ್ತದೆ? ನೆನಪಿದ್ದರೂ ಪರೀಕ್ಷೆಗೆ ಏನು ಉಳಿದಿರುತ್ತದೆ? ಇಲ್ಲಿ ಉಳಿದಿತ್ತು! ಇನ್ನೊಮ್ಮೆ ತಿನ್ನೋಣವೆಂದು ಒಂದಿಷ್ಟು ಮಾಂಸವನ್ನು ಫ್ರೀಜರಿನಲ್ಲಿ ಇಟ್ಟಿದ್ದರು. ಅದರಲ್ಲಿ ಸಿಕ್ಕ ವೈರಸ್ಸಿನ ಆನುವಂಶಿಕ ಬರಹವೂ ರೋಗಿಗಳಲ್ಲಿ ಸಿಕ್ಕದ್ದೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದವು. ಅದೇ ಮನೆಗಳಲ್ಲಿ ಮಾಂಸ ಮುಟ್ಟದವರಿಗೆ, ಒಂದು ಚೂರಷ್ಟೇ ಬಾಯಿಗಿಟ್ಟವರಿಗೆ ಸೋಂಕು ತಗುಲಿರಲಿಲ್ಲ.

1997ರಲ್ಲಿ ಅಮೆರಿಕದ ಹಂದಿಗಳಲ್ಲಿ ಈ ವೈರಸ್ಸಿನ ಹತ್ತಿರದ ಬಂಧು ಪತ್ತೆಯಾದಾಗಿನಿಂದ, ಇದು ಪ್ರಾಣಿಗಳಿಂದಲೂ ಮನುಷ್ಯರಿಗೆ ಬರಬಹುದೆಂದು ಇದ್ದ ಗುಮಾನಿಗೆ ಹೀಗೆ ನೇರ ಸಾಕ್ಷಿ ದೊರೆಯಿತು. ಸೋಂಕಿದ ಹಂದಿ ನೋಡಲು ಆರೋಗ್ಯವಾಗಿಯೇ ಇರುತ್ತದೆ, ವೈರಸ್ ಅದರ ಲಿವರಿನಲ್ಲಿ ಬೆಳೆಯುತ್ತಿರುತ್ತದೆ. ಹೋಟೆಲುಗಳು ಹಸಿ ಹಂದಿ ಲಿವರ್ ಬಡಿಸುವುದನ್ನು ಜಪಾನ್ ನಿಷೇಧಿಸಿದ್ದು ಮಾತ್ರ 2015ರಲ್ಲಿ. ನಾಲಿಗೆಯ ರುಚಿ ಕಾನೂನನ್ನೂ ಕಾಯಿಸುತ್ತದೆ, ನೋಡಿ.

ನಮ್ಮಲ್ಲಿ ಕಥೆ ಬೇರೆ. ಈ ವೈರಸ್ಸಿನ ಒಂದನೆಯ ಮತ್ತು ಎರಡನೆಯ ತಳಿಗಳು ಮನುಷ್ಯರಲ್ಲಿ ಮಾತ್ರ ಹರಡುತ್ತವೆ. ಮೂರು ಮತ್ತು ನಾಲ್ಕನೆಯವು ಹಂದಿ, ಕಾಡುಹಂದಿ, ಜಿಂಕೆಗಳಿಂದಲೂ ಬರುತ್ತವೆ. ಭಾರತದ ಹಂದಿಗಳಲ್ಲಿ ಸಿಕ್ಕಿರುವುದು ನಾಲ್ಕನೆಯ ತಳಿ, ರೋಗಿಗಳಲ್ಲಿ ಬಹುಪಾಲು ಒಂದನೆಯದು. ಹಾಗಾಗಿ ಕೊಡಗಿನ ಪಂದಿ ಕರಿಯನ್ನು ಅನುಮಾನಿಸಬೇಡಿ. ಕಾಚಂಪುಳಿ ಎಂಬ ಹುಳಿ ಬೀಳುವಷ್ಟರಲ್ಲಿ ಆ ಮಾಂಸ ಹದವಾಗಿ ಬೆಂದಿರುತ್ತದೆ. ಹಸಿ ಮಾಂಸ ಕತ್ತರಿಸಿದ ಮಣೆಯನ್ನು ತೊಳೆಯದೆ ಅದರ ಮೇಲೆಯೇ ಸೌತೆಕಾಯಿ ಹೆಚ್ಚಬೇಡಿ, ಅಷ್ಟೇ.

ನೀರಿನಿಂದ ಬರುವ ಆ ಒಂದನೆಯ ತಳಿ ಗರ್ಭಿಣಿಯರಿಗೆ ಕ್ರೂರಿ. ಕೊನೆಯ ಮೂರು ತಿಂಗಳಲ್ಲಿ ಸೋಂಕಿದರೆ ನೂರರಲ್ಲಿ 20ರಿಂದ 25 ಮಂದಿಯವರೆಗೆ ಪ್ರಾಣ ಕಳೆದುಕೊಳ್ಳಬಹುದು. ಮನೆಯಲ್ಲಿ ತುಂಬು ಗರ್ಭಿಣಿಯ ಕಣ್ಣು ಹಳದಿಯಾಗಿ ಕಂಡರೆ ನಾಟಿ ಔಷಧಿ ಕೊಡುವವರನ್ನು ಹುಡುಕುತ್ತಾ ಕೂರಬೇಡಿ. ಅಂದೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.