ಕಣ್ಣೂರು ಜೈಲೂ ನಮ್ಮ ಕಯ್ಯೂರೂ

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನಲ್ಲಿ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಕಣ್ಣೂರು. ಅಲ್ಲಿ ಪಳ್ಳಿಕ್ಕುನ್ನಿನಲ್ಲಿ ಬ್ರಿಟಿಷರು 1869ರಲ್ಲಿ ಶುರು ಮಾಡಿದ ಸೆಂಟ್ರಲ್ ಜೈಲಿದೆ. ಅದು ಮಲಯಾಳಿಗಳ ಚರಿತ್ರೆ ಅಂತ ನಾವು ಕನ್ನಡದವರು ಸುಮ್ನೆ ಬದಿಗಿಟ್ಟುಬಿಡುತ್ತೇವೆ. ಅಲ್ಲ, ಅದು ನಮ್ಮದೂ ಹೌದು. ಇವತ್ತು ಅಷ್ಟನ್ನು ಹೇಳಲು ಬಂದಿದ್ದೇನೆ.

1930ರಲ್ಲಿ ಪಯ್ಯನ್ನೂರಿನಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮಲಬಾರಿನ ಎಷ್ಟೋ ಹುಡುಗರು ಗಾಂಧಿ ಹೆಸರು ಹೇಳಿಕೊಂಡು ಈ ಜೈಲಿಗೆ ಬಂದರು. ಅದೇ ಕಾಲದಲ್ಲಿ ಬಂಗಾಳದ ಕ್ರಾಂತಿಕಾರಿಗಳನ್ನೂ ಸರಕಾರ ಇಲ್ಲಿಗೇ ತಂದು ಹಾಕಿತ್ತು. ಅವರ ಜೊತೆ ಕೂತು ಮಾತಾಡಿದವರಲ್ಲಿ ಪಿ. ಕೃಷ್ಣ ಪಿಳ್ಳೆ ಒಬ್ಬರು. ಒಳಗೆ ಹೋಗುವಾಗ ಸತ್ಯಾಗ್ರಹಿ, ಮುಂದೆ ಕೇರಳದಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದವರು. ಬಾಯಿ ಮುಚ್ಚಿಸಲು ಕಟ್ಟಿದ ಜಾಗವೇ ಶಾಲೆಯಾಯಿತು ನೋಡಿ.

ಅಲ್ಲಿ ಹುಟ್ಟಿದ ಮಾತು ರೈತ ಸಂಘವಾಗಿ ಕಯ್ಯೂರಿಗೂ ಬಂತು. ಆಗ ಕಯ್ಯೂರು ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕಿನ ಹಳ್ಳಿ. ಜಮೀನು ನೀಲೇಶ್ವರ ರಾಜರದ್ದು, ದುಡಿಮೆ ಒಕ್ಕಲಿನದ್ದು. ಗೇಣಿ ಸಾಲದು ಅಂತ ಮೇಲೆ ಕಾಣಿಕೆ ಬೇರೆ. ಸಂಘ ಅದನ್ನು ಪ್ರಶ್ನಿಸಿತು. 1941ರ ಮಾರ್ಚ್ ಕೊನೆಯಲ್ಲಿ ಪೊಲೀಸರು ರಾತ್ರಿ ಮನೆಗಳಿಗೆ ನುಗ್ಗಿ ಹೊಡೆದರು. 28ರಂದು ಅದನ್ನು ಖಂಡಿಸಿ ಮೆರವಣಿಗೆ ಹೊರಟಿತು. ದಾರಿಯಲ್ಲಿ ಸುಬ್ಬರಾಯನ್ ಎಂಬ ಪೊಲೀಸ್ ಎದುರಾದ. ಜನ ಅವನ ಕೈಗೆ ಬಾವುಟ ಕೊಟ್ಟು ಮುಂದೆ ನಡೆಸಿದರು. ಅವನು ತಪ್ಪಿಸಿಕೊಂಡು ಹೊಳೆಗೆ ಹಾರಿದ, ಜನ ಕಲ್ಲೆಸೆದರು, ಅವನು ಮುಳುಗಿ ಸತ್ತ. ಆ ಸಾವನ್ನು ಸಣ್ಣದು ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಅವನೂ ಹೊಟ್ಟೆಪಾಡಿಗೆ ಖಾಕಿ ತೊಟ್ಟವನೇ ಅಲ್ವಾ?

ವಿಚಾರಣೆ ನಡೆದದ್ದು ನಮ್ಮ ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ. ಐವರಿಗೆ ಮರಣದಂಡನೆ ಅಂತ ತೀರ್ಪು ಬಂತು. ಚೂರಿಕ್ಕಾಡನ್ ಕೃಷ್ಣನ್ ನಾಯರ್ ಇನ್ನೂ ಪ್ರಾಯಕ್ಕೆ ಬರದ ಹುಡುಗ, ಹಾಗಾಗಿ ಜೀವ ಉಳಿಯಿತು. ಉಳಿದ ನಾಲ್ವರ ಹೆಸರನ್ನು ನಿಧಾನವಾಗಿ ಹೇಳುತ್ತೇನೆ. ಮಠತ್ತಿಲ್ ಅಪ್ಪು. ಕೋಯಿತ್ತಾಟಿಲ್ ಚಿರುಕಂಡನ್. ಪೊಡೋರ ಕುಂಞಂಬು ನಾಯರ್. ಪಳ್ಳಿಕ್ಕಲ್ ಅಬೂಬಕರ್. 1943ರ ಮಾರ್ಚ್ 29ರ ಬೆಳಗಿನ ಜಾವ ಕಣ್ಣೂರು ಜೈಲಿನಲ್ಲಿ ನಾಲ್ವರನ್ನೂ ಗಲ್ಲಿಗೇರಿಸಿದರು. ಕನ್ನಡದಲ್ಲಿ ನಿರಂಜನರು ಈ ಕಥೆಯನ್ನೇ ‘ಚಿರಸ್ಮರಣೆ’ ಕಾದಂಬರಿಯಾಗಿ ಬರೆಯದೇ ಇದ್ದಿದ್ದರೆ ನಮ್ಮಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತಿರುತ್ತಿತ್ತು? ಮೂರನೇ ಆರೋಪಿ ಇ. ಕೆ. ನಾಯನಾರ್ ತಲೆಮರೆಸಿಕೊಂಡು ಉಳಿದರು. 1980ರಲ್ಲಿ ಅವರು ಕೇರಳದ ಮುಖ್ಯಮಂತ್ರಿ.

ಇನ್ನೊಂದು ದಿನದ ಮಾತು. ದೇಶಕ್ಕೆ ಸ್ವಾತಂತ್ರ್ಯ ಬಂದ ರಾತ್ರಿ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಇದೇ ಜೈಲಿನಲ್ಲಿ ಒಂಟಿ ಕೋಣೆಯಲ್ಲಿದ್ದರು. ಜೈಲಿನ ನಾಲ್ಕೂ ಕಡೆಯಿಂದ ಜೈಕಾರ ಕೇಳುತ್ತಿತ್ತು, ನಿದ್ದೆ ಬರಲಿಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ. ಬೆಳಿಗ್ಗೆ, ತಾವು ಜೋಪಾನವಾಗಿ ಇಟ್ಟುಕೊಂಡಿದ್ದ ರಾಷ್ಟ್ರಧ್ವಜ ಹಿಡಿದು ಜೈಲಿನ ಅಂಗಳದ ಉದ್ದಕ್ಕೂ ನಡೆದರು. ಅವರ ಬಿಡುಗಡೆಯಾದದ್ದು ಅಕ್ಟೋಬರಿನಲ್ಲಿ.

ಹತ್ತು ವರ್ಷ ಕಳೆದು, 1957ರಲ್ಲಿ, ಕಾಸರಗೋಡು ಕ್ಷೇತ್ರದಿಂದ ಲೋಕಸಭೆಗೆ ಹೋದವರು ಅವರೇ.