ಪುಸ್ತಕ ಮುಚ್ಚಿ ಓದುವುದು: ಮನೋವಿಜ್ಞಾನದ ಪ್ರಬಂಧ ಪರೀಕ್ಷೆಗೆ ತಯಾರಿ

ಎಲ್ಲರಿಗೂ ನಮಸ್ಕಾರ.

ಪರೀಕ್ಷೆ ಹತ್ತಿರ ಬಂತು ಅಂದರೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಒಟ್ಟು ಎಷ್ಟು ಪ್ರಯೋಗಗಳನ್ನು ಬಾಯಿಪಾಠ ಮಾಡಬೇಕು?" ನೀವು ಅಂದುಕೊಂಡಿರುವುದಕ್ಕಿಂತ ಕಮ್ಮಿ. ಆದರೆ ಕಲಿತ ಪ್ರತಿಯೊಂದು ಪ್ರಯೋಗದಿಂದಲೂ ಕೆಲಸ ತೆಗೆಯಲು ಬರಬೇಕು. ಮಾರ್ಕ್ಸ್ ಹೋಗುವುದು ಅಲ್ಲೇ.

ಒಂದು ಪ್ರಶ್ನೆ ಹಿಡಿದು ನೋಡೋಣ. "ಕಣ್ಣಾರೆ ಕಂಡವರ ಸಾಕ್ಷಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಚರ್ಚಿಸಿ." ಓದಿದ ತಕ್ಷಣ ಲಾಫ್ಟಸ್ ಮತ್ತು ಪಾಮರ್ ನೆನಪಾಗುತ್ತಾರೆ, ಅಲ್ವಾ? ಈ ಇಬ್ಬರು ಮನೋವಿಜ್ಞಾನಿಗಳ 1974ರ ಪ್ರಯೋಗ. 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ದೃಶ್ಯಗಳನ್ನು ತೋರಿಸಿ, ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ಕೆಲವರಿಗೆ "ಅಪ್ಪಳಿಸಿದಾಗ" ಎಂದು ಕೇಳಿದರು, ಕೆಲವರಿಗೆ "ತಾಗಿದಾಗ" ಎಂದು. ಮೊದಲಿನವರು ಗಂಟೆಗೆ ಸರಾಸರಿ 40ಕ್ಕಿಂತ ತುಸು ಹೆಚ್ಚು ಮೈಲಿ ಅಂದರು. ಎರಡನೆಯವರು 31.8 ಅಂದರು.

ಬಹಳಷ್ಟು ಉತ್ತರ ಪತ್ರಿಕೆಗಳು ಇಲ್ಲಿಂದ ಒಂದೇ ನೆಗೆತಕ್ಕೆ "ಆದ್ದರಿಂದ ಸಾಕ್ಷಿಯನ್ನು ನಂಬಲಾಗದು" ಎಂಬಲ್ಲಿಗೆ ಹೋಗಿಬಿಡುತ್ತವೆ. ಸ್ವಲ್ಪ ತಡೆಯಿರಿ. ಆ ವಿದ್ಯಾರ್ಥಿಗಳ ನೆನಪು ನಿಜವಾಗಿಯೂ ಬದಲಾಯಿತೇ? ಅಥವಾ ವೇಗ ಸರಿಯಾಗಿ ಗೊತ್ತಿಲ್ಲದೆ, ಪ್ರಶ್ನೆಯಲ್ಲಿದ್ದ ಮಾತಿನ ಜಾಡು ಹಿಡಿದು ಸುಮ್ನೆ ಒಂದು ಅಂದಾಜು ಹೇಳಿದರೇ? ಈ ಸಂಶಯ ಲಾಫ್ಟಸ್ ಮತ್ತು ಪಾಮರ್ ಅವರಿಗೂ ಬಂದಿತ್ತು. ಎರಡನೇ ಪ್ರಯೋಗ ಮಾಡಿದ್ದೇ ಅದಕ್ಕೆ. ಈ ಸಲ 150 ವಿದ್ಯಾರ್ಥಿಗಳು. ಒಂದು ವಾರ ಬಿಟ್ಟು "ಒಡೆದ ಗಾಜು ನೋಡಿದಿರಾ?" ಎಂದು ಕೇಳಿದರು. ದೃಶ್ಯದಲ್ಲಿ ಗಾಜು ಒಡೆದಿರಲೇ ಇಲ್ಲ. "ಅಪ್ಪಳಿಸಿದಾಗ" ಎಂದು ಕೇಳಿಸಿಕೊಂಡ 50 ಜನರಲ್ಲಿ 16 ಮಂದಿ ಹೌದು ಅಂದರು. "ಗುದ್ದಿದಾಗ" ಎಂದು ಕೇಳಿಸಿಕೊಂಡವರಲ್ಲಿ 7 ಮಂದಿ. ವೇಗದ ಪ್ರಶ್ನೆಯನ್ನೇ ಕೇಳದಿದ್ದ ಗುಂಪಿನಲ್ಲಿ 6 ಮಂದಿ.

ಈಗ ನೆನಪೇ ಬದಲಾಗುತ್ತದೆ ಎಂಬ ವಾದಕ್ಕೆ ಬಲ ಬಂತು. ಆದರೆ ಅದೇ ಅಂಕಿಯನ್ನು ತಿರುಗಿಸಿ ನೋಡಿ. 50ರಲ್ಲಿ 34 ಜನ ಮಾತಿನ ಗಾಳಕ್ಕೆ ಸಿಕ್ಕದೆ "ಇಲ್ಲ" ಎಂದು ಸರಿಯಾಗಿಯೇ ಹೇಳಿದರು! ಈ ಒಂದು ಸಾಲು ಬರೆದ ವಿದ್ಯಾರ್ಥಿ ಯೋಚನೆ ಮಾಡಿದ್ದಾನೆ ಎಂದು ಮೌಲ್ಯಮಾಪಕರಿಗೆ ಗೊತ್ತಾಗುತ್ತದೆ.

ಇದರ ಪಕ್ಕಕ್ಕೆ ಯೂಲ್ ಮತ್ತು ಕಟ್‌ಶಾಲ್ ಅವರ 1986ರ ಅಧ್ಯಯನ ತನ್ನಿ. ಅದು ನಿಜವಾದ ಗುಂಡಿನ ದಾಳಿಯನ್ನು ಕಂಡ 13 ಜನರ ಕಥೆ. ತಿಂಗಳುಗಳ ನಂತರವೂ ಅವರ ನೆನಪು ಬಹುಮಟ್ಟಿಗೆ ಸರಿಯಾಗಿತ್ತು. ದಾರಿ ತಪ್ಪಿಸುವ ಪ್ರಶ್ನೆಗಳಿಗೂ ಅವರು ಅಷ್ಟಾಗಿ ಜಗ್ಗಲಿಲ್ಲ. ಹಾಗಂತ ಇದನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. ಹೆಚ್ಚು ಗಾಬರಿಯಾದವರೇ ಘಟನೆಗೆ ಹತ್ತಿರವೂ ಇದ್ದರು. ಹಾಗಾಗಿ ಚೆನ್ನಾಗಿ ನೆನಪಿದ್ದದ್ದು ಗಾಬರಿಯಿಂದಲೋ, ಹತ್ತಿರದಿಂದ ನೋಡಿದ್ದರಿಂದಲೋ ಹೇಳುವುದು ಕಷ್ಟ. ಇಷ್ಟಾದ ಮೇಲೆ ನಿಮ್ಮ ತೀರ್ಪು "ನಂಬಬಹುದು" ಅಥವಾ "ನಂಬಬಾರದು" ಆಗಿ ಉಳಿಯುವುದಿಲ್ಲ. ಯಾರು, ಏನನ್ನು, ಯಾವ ಪರಿಸ್ಥಿತಿಯಲ್ಲಿ ನೋಡಿದರು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಎರಡೇ ಅಧ್ಯಯನ, ಆದರೆ ಪ್ರಬಂಧ ತುಂಬಿತು.

ವಿಮರ್ಶೆಯ ಬಗ್ಗೆ ಇನ್ನೊಂದು ಮಾತು. "ಸ್ಯಾಂಪಲ್ ಚಿಕ್ಕದು. ಪ್ರಯೋಗಾಲಯದಲ್ಲಿ ನಡೆದದ್ದು." ಈ ಎರಡು ವಾಕ್ಯಗಳನ್ನು ಕೆಲವರು ರಬ್ಬರ್ ಸ್ಟಾಂಪಿನಂತೆ ಎಲ್ಲ ಅಧ್ಯಯನಗಳ ಮೇಲೂ ಒತ್ತುತ್ತಾರೆ. ಓದಿ ಓದಿ ನಮಗೂ ಸಾಕಾಗಿದೆ. ಪ್ರಯೋಗಾಲಯ ಆದರೆ ಏನಾಯಿತು? ಸಿನಿಮಾ ನೋಡುವವನಿಗೆ ಭಯವಿಲ್ಲ, ತನ್ನ ಮಾತಿನಿಂದ ಯಾರೋ ಜೈಲಿಗೆ ಹೋಗುತ್ತಾರೆ ಎಂಬ ಹೊಣೆ ಇಲ್ಲ. ಅದನ್ನು ಬರೆಯಿರಿ, ಆಗ ಅದು ವಿಮರ್ಶೆ.

ಇನ್ನು ತಯಾರಿ. ನಮ್ಮ ವಿಷಯಕ್ಕೆ ಒಂದು ಅನುಕೂಲ ಇದೆ: ಹೇಗೆ ಓದಬೇಕು ಎಂಬುದೂ ನಮ್ಮ ಸಿಲಬಸ್‌ನಲ್ಲೇ ಇದೆ. ಆದರೂ ನಾವೇ ಅದನ್ನು ಪಾಲಿಸುವುದಿಲ್ಲ, ತಮಾಷೆ. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ವಿದ್ಯಾರ್ಥಿಗಳಿಗೆ ಸಣ್ಣ ಪಾಠಗಳನ್ನು ಕೊಟ್ಟರು. ಒಂದು ಪಾಠವನ್ನು ಮತ್ತೆ ಓದಿಸಿದರು. ಇನ್ನೊಂದನ್ನು ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಮುಂದಿತ್ತು. ಒಂದು ವಾರದ ನಂತರ ಲೆಕ್ಕ ಉಲ್ಟಾ ಆಯಿತು. ನೆನಪಿನಿಂದ ಬರೆದದ್ದರಲ್ಲಿ 56% ಉಳಿದಿತ್ತು, ಮತ್ತೆ ಓದಿದ್ದರಲ್ಲಿ 42%. ಅವರ ಎರಡನೇ ಪ್ರಯೋಗದಲ್ಲಿ ಪದೇ ಪದೇ ಓದಿದವರಿಗೇ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಜಾಸ್ತಿ ಇತ್ತು. ಹೈಲೈಟರ್ ಕೊಡುವುದೂ ಇಂಥದ್ದೇ ಧೈರ್ಯ.

ಹಾಗಾಗಿ ಹಳೆಯ ಪ್ರಶ್ನೆಪತ್ರಿಕೆ ತೆಗೆಯಿರಿ, ಪುಸ್ತಕ ಮುಚ್ಚಿ. ಒಂದು ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಬರೀ ಪ್ಲಾನ್ ಬರೆಯಿರಿ. ನಿಮ್ಮ ನಿಲುವು ಏನು, ಯಾವ ಪ್ಯಾರಾದಲ್ಲಿ ಯಾವ ಪುರಾವೆ, ಅದಕ್ಕೆ ಎದುರು ವಾದ ಯಾವುದು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಕೆಲವು ದಿನ ಬಿಟ್ಟು ಅದೇ ಪ್ರಶ್ನೆಗೆ ಮತ್ತೆ ಬನ್ನಿ. ಬೇರೆ ಬಣ್ಣ ಕಮ್ಮಿಯಾಗುತ್ತಾ ಬರಬೇಕು. ಪೂರ್ತಿ ಪ್ರಬಂಧವನ್ನು ಗಡಿಯಾರ ಇಟ್ಟುಕೊಂಡು ಆಗೊಮ್ಮೆ ಈಗೊಮ್ಮೆ ಬರೆದರೆ ಸಾಕು. ಕೈಗೂ ಅಭ್ಯಾಸ ಬೇಕಲ್ಲ.

ಇಸವಿ ಮರೆತರೆ ಗಂಟೇನೂ ಹೋಗುವುದಿಲ್ಲ. "1970ರ ದಶಕದಲ್ಲಿ" ಎಂದು ಬರೆದು ಮುಂದೆ ಹೋಗಿ. ನಿಜವಾದ ಅಪಾಯ ಬೇರೆ ಇದೆ: ಬಾಯಿಪಾಠ ಮಾಡಿದ ಪ್ರಬಂಧವನ್ನು, ಪ್ರಶ್ನೆ ಏನೇ ಇರಲಿ, ತಂದು ಸುರಿಯುವುದು. ಕೇಳಿದ್ದು ಒಂದು, ಬರೆದದ್ದು ಇನ್ನೊಂದು ಆಗುತ್ತದೆ.

ಮಾತು ಇಷ್ಟು ಸಾಕು. ಬೋರ್ಡ್ ಮೇಲೆ ಒಂದು ಪ್ರಶ್ನೆ ಬರೆಯುತ್ತೇನೆ: "ಅಧಿಕಾರಕ್ಕೆ ತಲೆಬಾಗುವುದು ವ್ಯಕ್ತಿಯ ಸ್ವಭಾವದಿಂದಲೋ, ಸಂದರ್ಭದ ಒತ್ತಡದಿಂದಲೋ?" ಮಿಲ್‌ಗ್ರಾಂ ಅವರ 1963ರ ಲೇಖನದಲ್ಲಿ 40 ಜನರಲ್ಲಿ 26 ಮಂದಿ, ಪ್ರಯೋಗ ನಡೆಸುವವರ ಆಜ್ಞೆಯಂತೆ ಇನ್ನೊಬ್ಬರಿಗೆ ವಿದ್ಯುತ್ ಶಾಕ್ ಕೊಡುತ್ತಿದ್ದೇವೆ ಎಂದು ನಂಬಿಕೊಂಡೇ 450 ವೋಲ್ಟ್‌ವರೆಗೆ ಹೋದದ್ದು ನಿಮಗೆಲ್ಲ ಗೊತ್ತು. ನಡುವೆಯೇ ನಿಲ್ಲಿಸಿದ ಉಳಿದ 14 ಜನರನ್ನು ಏನು ಮಾಡುತ್ತೀರಿ, ಅದನ್ನು ನೋಡಬೇಕು. ನೋಟ್ಸ್ ಒಳಗಿಡಿ. ಹತ್ತು ನಿಮಿಷ ಇದೆ, ಶುರು ಮಾಡಿ.