ಕೊನೆಯ ಚುಕ್ಕಿಯ ಆಚೆ

ಕೇಳುಗರಿಗೆ ನಮಸ್ಕಾರ.

ಜಿಎಸ್‌ಟಿ ನೋಟಿಸ್ ಎಂದು ಇಮೇಲಿನಲ್ಲಿ ಒಂದು ಫೈಲು ಬರುತ್ತದೆ. ಕಾಣುವ ಹೆಸರು ‘ನೋಟಿಸ್ ಡಾಟ್ ಪಿಡಿಎಫ್’, ಐಕಾನೂ ಪಿಡಿಎಫ್‌ನದೇ. ಆದರೆ ಅದರ ಪೂರ್ತಿ ಹೆಸರು ‘ನೋಟಿಸ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’. ಎಕ್ಸ್‌ಟೆನ್ಷನ್ ಎಂಬ ಈ ಕೊನೆಯ ತುಂಡನ್ನು ವಿಂಡೋಸ್ ತಾನಾಗಿಯೇ ಮರೆಮಾಡಿರುತ್ತದೆ. ಕಂಪ್ಯೂಟರ್ ಲೆಕ್ಕಕ್ಕೆ ಹಿಡಿಯುವುದು ಮಾತ್ರ ಆ ಕೊನೆಯ ತುಂಡನ್ನೇ. ಡಬಲ್ ಕ್ಲಿಕ್ ಮಾಡಿದಿರೋ, ಓದುವ ಪುಟದ ಬದಲು ಒಂದು ಪ್ರೋಗ್ರಾಂ ಓಡಲು ಶುರುವಾಗುತ್ತದೆ.

2000ನೇ ಇಸವಿಯ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ‘ಐ ಲವ್ ಯು’ ವೈರಸ್ ಬಂದದ್ದೂ ಹೀಗೆಯೇ. ಟಿಎಕ್ಸ್‌ಟಿ ಎಂಬ ಬರೀ ಓದುವ ಫೈಲಿನಂತೆ ಕಾಣುತ್ತಿತ್ತು, ಅದರ ಹಿಂದೆ ಪ್ರೋಗ್ರಾಂನಂತೆ ಓಡುವ ವಿಬಿಎಸ್ ಅಡಗಿತ್ತು. ಇಷ್ಟೆಲ್ಲ ಆದ ಮೇಲೂ ವಿಂಡೋಸ್ ಎಕ್ಸ್‌ಟೆನ್ಷನ್ ಮುಚ್ಚಿಡುತ್ತಲೇ ಇರುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಅದನ್ನು ಇವತ್ತೇ ಬದಲಿಸಿ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಅದರೊಳಗೆ ಶೋ, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಒತ್ತಿ. ವಿಂಡೋಸ್ 10ರಲ್ಲಿ ವ್ಯೂ ಒತ್ತಿದರೆ ಅದೇ ಹೆಸರಿನ ಚೌಕ ಸಿಗುತ್ತದೆ, ಟಿಕ್ ಹಾಕಿ. ಇದಾದ ಮೇಲೂ ಕಾಣದೆ ಉಳಿಯುವುದೊಂದಿದೆ: ಶಾರ್ಟ್‌ಕಟ್‌ನ ಎಲ್‌ಎನ್‌ಕೆ. ಮೇಲ್‌ನಲ್ಲಿ ಬಂದ ಜಿಪ್ ಎಂಬ ಫೈಲುಗಳ ಗಂಟು ಬಿಚ್ಚಿದಾಗ ‘ದಾಖಲೆ’ಯ ಐಕಾನ್ ಮೂಲೆಯಲ್ಲಿ ಪುಟ್ಟ ಬಾಣ ಕಂಡರೆ ಅದು ಶಾರ್ಟ್‌ಕಟ್, ಮುಟ್ಟಬೇಡಿ.

ಇಎಕ್ಸ್‌ಇ, ಎಸ್‌ಸಿಆರ್, ಬಿಎಟಿ, ಜೆಎಸ್, ವಿಬಿಎಸ್, ಎಚ್‌ಟಿಎ, ಎಂಎಸ್‌ಐ, ಇವೆಲ್ಲ ಕ್ಲಿಕ್ಕಿಗೆ ಓಡುವಂಥವು. ಬಿಲ್ಲು, ನೋಟಿಸು, ಫೋಟೊ ಈ ರೂಪದಲ್ಲಿ ಬರಲು ಕಾರಣವೇ ಇಲ್ಲ. ಡಿಒಸಿಎಂ, ಎಕ್ಸ್‌ಎಲ್‌ಎಸ್‌ಎಂ ಎಂಬ ವರ್ಡ್, ಎಕ್ಸೆಲ್ ಫೈಲುಗಳಲ್ಲಿ ಮ್ಯಾಕ್ರೊ, ಅಂದರೆ ಒಳಗೇ ಓಡುವ ಪುಟ್ಟ ಪ್ರೋಗ್ರಾಂ, ಇರಬಹುದು. ‘ಎನೇಬಲ್ ಕಂಟೆಂಟ್’ ಒತ್ತುವ ಮೊದಲು ಕಳಿಸಿದವರಿಗೆ ಫೋನ್ ಮಾಡಿ ಕೇಳಿ.

ಹಾಗೆಂದು ಗೊತ್ತಿಲ್ಲದ್ದೆಲ್ಲ ಕೆಟ್ಟದ್ದಲ್ಲ. ಎಚ್‌ಇಐಸಿ ಎಂದರೆ ಸಾಮಾನ್ಯವಾಗಿ ಐಫೋನ್ ತೆಗೆದ ಫೋಟೊ. ಸಿಆರ್‌ಡೌನ್‌ಲೋಡ್ ಎಂದಿದ್ದರೆ ಕ್ರೋಮ್‌ನಲ್ಲಿ ಡೌನ್‌ಲೋಡ್ ಇನ್ನೂ ಮುಗಿದಿಲ್ಲ. ಎಚ್‌ಇಐಸಿ ಅಳಿಸಿ ಜೆಪಿಜಿ ಎಂದು ಬರೆದರೆ ಬದಲಾಗುವುದು ಹೆಸರಷ್ಟೇ, ಒಳಗಿನ ಚಿತ್ರವಲ್ಲ.

ಅನುಮಾನ ಉಳಿದರೆ ಮೊದಲು ನೋಟ್‌ಪ್ಯಾಡ್ ತೆರೆಯಿರಿ. ಫೈಲ್, ಓಪನ್ ಎಂದು ಹೋಗಿ, ‘ಆಲ್ ಫೈಲ್ಸ್’ ಆರಿಸಿ, ಆ ಫೈಲನ್ನು ತೆರೆಯಿರಿ. ಅರ್ಥವಾಗದ ಅಕ್ಷರಗಳ ರಾಶಿಯೇ ಕಾಣುತ್ತದೆ, ಗಾಬರಿ ಬೇಡ. ಮೊದಲ ಎರಡು ಅಕ್ಷರ ಮಾತ್ರ ನೋಡಿ. ಎಂ, ಝೆಡ್ ಇದ್ದರೆ ಅದು ವಿಂಡೋಸ್ ಪ್ರೋಗ್ರಾಂ, ಹೆಸರು ಏನೇ ಇರಲಿ. ಪಿ, ಕೆ ಇದ್ದರೆ ಜಿಪ್. ಇಂದಿನ ವರ್ಡ್, ಎಕ್ಸೆಲ್ ಫೈಲುಗಳೂ ಒಳಗೆ ಜಿಪ್ಪೇ. ನಿಜವಾದ ಪಿಡಿಎಫ್ ಸಾಮಾನ್ಯವಾಗಿ ಶೇಕಡಾ ಚಿಹ್ನೆ, ಅದಾದ ಮೇಲೆ ಪಿಡಿಎಫ್ ಎಂದು ಶುರುವಾಗುತ್ತದೆ.

ವೈರಸ್‌ಟೋಟಲ್ ತಾಣದಲ್ಲಿ ಹಲವು ಆಂಟಿವೈರಸ್‌ಗಳಿಂದ ಒಟ್ಟಿಗೇ ಪರೀಕ್ಷೆ ಮಾಡಿಸಬಹುದು. ಆದರೆ ಅಲ್ಲಿಗೆ ಹಾಕಿದ ಫೈಲು ಬೇರೆಯವರ ಕೈಗೂ ಸಿಗುತ್ತದೆ. ಆಧಾರ್, ಬ್ಯಾಂಕ್ ಪತ್ರ, ಆಸ್ಪತ್ರೆ ವರದಿ ಹಾಕಬೇಡಿ.

ಇನ್ನೊಂದು ಸಂಗತಿ. ಒಂದು ದಿನ ನಿಮ್ಮ ಫೋಲ್ಡರಿನ ಎಲ್ಲ ಫೈಲುಗಳಿಗೂ ಕಂಡರಿಯದ ಒಂದೇ ಬಾಲ ಸೇರಿ, ಯಾವುದೂ ತೆರೆಯದಿದ್ದರೆ ಅದು ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಇರಬಹುದು. ಕೂಡಲೇ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ, ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್ ಬೇರ್ಪಡಿಸಿ. ಹಣ ಕೇಳಿ ಬರೆದಿಟ್ಟ ಚೀಟಿಯನ್ನಾಗಲಿ ಫೈಲುಗಳನ್ನಾಗಲಿ ಅಳಿಸಬೇಡಿ. ಯಾವ ರ‍್ಯಾನ್ಸಮ್‌ವೇರ್ ಎಂದು ಗುರುತಿಸಲು ಅವೇ ಬೇಕು. ಕೆಲವಕ್ಕೆ ಉಚಿತ ಬೀಗದ ಕೈ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಸಿಗುತ್ತದೆ. ಇನ್ನೊಂದು ಕಂಪ್ಯೂಟರಿನಿಂದ ಅಲ್ಲಿ ಹುಡುಕಿ.